ಗಣಿ ಮುಚ್ಚಿದ ಮೇಲೆ ಬಂದ ಸೈಕಲ್ ದಾರಿ

ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಒಂದು ಕೆರೆ. ಕೆರೆಯ ನಡುವೆ ಸೀಳಿದ ಹಾಗೆ ಒಂದು ದಾರಿ. ಆ ದಾರಿಯಲ್ಲಿ ಸೈಕಲ್ ತುಳಿಯುವವರ ಕಣ್ಣಿನ ಮಟ್ಟಕ್ಕೆ ಎರಡೂ ಕಡೆ ನೀರು. ಬಾತುಕೋಳಿ ಪಕ್ಕದಲ್ಲೇ ತೇಲುತ್ತದೆ, ಸವಾರನ ಬಟ್ಟೆ ಮಾತ್ರ ಒದ್ದೆಯಾಗುವುದಿಲ್ಲ.

ಅದು ಬೆಲ್ಜಿಯಂ ದೇಶದ್ದು. ಆ ದೇಶದ ಈಶಾನ್ಯ ಮೂಲೆಯಲ್ಲಿ ಲಿಂಬರ್ಗ್ ಎಂಬ ಪ್ರಾಂತ್ಯವಿದೆ. ಪಕ್ಕದ ಆಂಟ್ವರ್ಪ್ ಪ್ರಾಂತ್ಯಕ್ಕೂ, ಗಡಿಯಾಚೆಯ ನೆದರ್ಲೆಂಡ್ಸ್‌ಗೂ ಚಾಚಿಕೊಂಡಿರುವ ಮರಳು ನೆಲದ ಸೀಮೆಗೆ ಅಲ್ಲಿನವರು ಕೆಂಪನ್ ಎನ್ನುತ್ತಾರೆ. ಬಹುಪಾಲು ಸಮತಟ್ಟಾದ ನೆಲ. ಪೈನ್ ಕಾಡು, ನೇರಳೆ ಹೂವಿನ ಕುರುಚಲು ಬಯಲು, ಸಣ್ಣ ಸಣ್ಣ ಕೆರೆಗಳು. ಲಿಂಬರ್ಗ್ ಒಂದರಲ್ಲೇ ಸುಮಾರು 2,000 ಕಿಲೋಮೀಟರ್ ಸೈಕಲ್ ದಾರಿಗಳ ಜಾಲವಿದೆ. ರಜೆ ಬಂತೆಂದರೆ ಅಜ್ಜ ಅಜ್ಜಿ, ಮಕ್ಕಳು ಮರಿ ಎಲ್ಲರೂ ಸೈಕಲ್ ಏರಿ ಹೊರಡುತ್ತಾರೆ.

ನೋಡಿದರೆ ದೇವರು ಮಾಡಿಟ್ಟ ಜಾಗದಂತೆ ಕಾಣುತ್ತದೆ. ಆದರೆ ಇದರ ಇತಿಹಾಸ ಓದುತ್ತಾ ಹೋದಂತೆ ನಮಗೆ ಬೇರೆಯೇ ಕಥೆ ಸಿಕ್ಕಿತು. ಆ ಬಯಲು ಕುರಿ ಕಾಯುವವರು ಮಾಡಿದ್ದು. ಆ ಕಾಡು ಗಣಿಗೆ ಕಂಬ ಬೇಕೆಂದು ನೆಟ್ಟಿದ್ದು. ಆ ಕೆರೆಗಳು ಮೀನು ಸಾಕಲು ಮಾಡಿದವು. ಕೊನೆಗೆ ಆ ಸೈಕಲ್ ದಾರಿ, ಸಾವಿರಾರು ಜನರ ಕೆಲಸ ಹೋದ ಮೇಲೆ ಬಂದದ್ದು. ಅದನ್ನು ಮೊದಲಿನಿಂದ ಹೇಳುತ್ತೇವೆ.

ಕುರಿಗಳು ಮಾಡಿದ ಬಯಲು

ಆ ಬಯಲಿಗೆ ಅಲ್ಲಿನ ಭಾಷೆಯಲ್ಲಿ 'ಹೈಡೆ' ಎಂದು ಹೆಸರು. ಮೊಣಕಾಲೆತ್ತರದ ಒಂದು ಕುರುಚಲು ಗಿಡ ಕಣ್ಣು ಹಾಯುವವರೆಗೂ ಹಬ್ಬಿರುತ್ತದೆ. ಆಗಸ್ಟ್ ತಿಂಗಳಲ್ಲಿ ಹೂ ಬಿಟ್ಟಾಗ ನೆಲವೆಲ್ಲ ನೇರಳೆ.

ಹಿಂದೆ ಇಲ್ಲಿ ಮರಗಳಿದ್ದವು. ಮರಳು ನೆಲ, ಸಾರವಿಲ್ಲದ ಮಣ್ಣು. ಮರ ಕಡಿದು, ಸುಟ್ಟು, ದನ ಕುರಿ ಮೇಯಿಸುತ್ತಾ ಬಂದಂತೆ ಮತ್ತೆ ಮರ ಏಳಲಿಲ್ಲ. ಈ ಗಿಡವೊಂದೇ ಉಳಿಯಿತು. ಚಿಗುರಿದ ಸಸಿಯನ್ನೆಲ್ಲ ಕುರಿ ತಿಂದುಹಾಕುತ್ತಿತ್ತು.

ರೈತರು ಹೈಡೆಯ ಮೇಲ್ಪದರವನ್ನು ಬೇರು, ಮಣ್ಣು ಸಮೇತ ಹೆಂಟೆ ಹೆಂಟೆಯಾಗಿ ಕೆತ್ತಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಸಗಣಿ ಗಂಜಲ ಸೇರಿ ಅದು ಗೊಬ್ಬರವಾಗುತ್ತಿತ್ತು. ಆ ಗೊಬ್ಬರ ಹಾಕಿದ ಹೊಲದಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತಂದು ಕೊಟ್ಟಿಗೆಗೆ ಹಾಸುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೀಗೆ ನೂರಾರು ವರ್ಷ ಹಾಕಿ ಹಾಕಿ, ಕೆಂಪನ್ ಸೀಮೆಯ ಹಳೆಯ ಹೊಲಗಳು ಸುತ್ತಲಿನ ನೆಲಕ್ಕಿಂತ ಎತ್ತರವಾಗಿವೆ.

ಹೈಡೆಯ ಬಹುಪಾಲು ಯಾರೊಬ್ಬರ ಸ್ವಂತದ್ದೂ ಆಗಿರಲಿಲ್ಲ. ಊರಿನದು. ನಮ್ಮ ಗೋಮಾಳದ ಹಾಗೆ. ಜಮೀನಿಲ್ಲದವನೂ ನಾಲ್ಕು ಕುರಿ ಇಟ್ಟುಕೊಂಡು ಬದುಕಬಹುದಿತ್ತು.

ಊರ ಬಯಲು ಮಾರಾಟಕ್ಕೆ

ಬೆಲ್ಜಿಯಂ ಸ್ವತಂತ್ರ ದೇಶವಾಗಿದ್ದು 1830ರಲ್ಲಿ. 1847ರಲ್ಲಿ ಸರ್ಕಾರ ಒಂದು ಕಾನೂನು ತಂದಿತು. ಬೀಳು ಬಿದ್ದ ಊರ ಜಮೀನನ್ನು ಸಾಗುವಳಿಗೆ ತರಬೇಕು. ಊರಿನವರು ತರದಿದ್ದರೆ ಮಾರಿಸುವ ಅಧಿಕಾರವೂ ಸರ್ಕಾರಕ್ಕೆ ಸಿಕ್ಕಿತು. ಸರ್ಕಾರದ ಲೆಕ್ಕದಲ್ಲಿ ಹೈಡೆ ಪಾಳು ಭೂಮಿ. ಕುರಿ ಮೇಯಿಸುವವನ ಲೆಕ್ಕದಲ್ಲಿ ಅದೇ ಅನ್ನ.

ಸಾಕಷ್ಟು ಬಯಲು ಹಣವಿದ್ದವರ ಕೈಗೆ ಹೋಯಿತು. ಮರಳಿನಲ್ಲಿ ಬೆಳೆ ತೆಗೆಯುವುದು ಸುಲಭವಿರಲಿಲ್ಲ. ಹಾಗಾಗಿ ಸಾಲು ಸಾಲಾಗಿ ಪೈನ್ ನೆಟ್ಟರು. ಪೈನ್‌ಗೆ ಗಿರಾಕಿ ಇದ್ದರು. ದೇಶದ ದಕ್ಷಿಣದ ಲಿಯೆಜ್, ಶಾರ್ಲರ್ವಾ ಕಡೆಯ ಕಲ್ಲಿದ್ದಲು ಗಣಿಗಳಿಗೆ ಸುರಂಗದ ಚಾವಣಿ ಕುಸಿಯದಂತೆ ನಿಲ್ಲಿಸುವ ಆಸರೆ ಕಂಬಗಳು ಬೇಕಿದ್ದವು. ಪೈನ್ ನೇರವಾಗಿ ಬೆಳೆಯುತ್ತದೆ. ಮುರಿಯುವ ಮೊದಲು ಕಿರಗುಟ್ಟಿ ಎಚ್ಚರಿಕೆ ಕೊಡುತ್ತದೆ ಎಂಬುದು ಗಣಿಯವರ ನಂಬಿಕೆ.

ಅದೇ ಶತಮಾನದ ಕೊನೆಗೆ ಆಸ್ಟ್ರೇಲಿಯಾದಿಂದ ಅಗ್ಗದ ಉಣ್ಣೆ ಬಂತು. ಕಾರ್ಖಾನೆಯ ಗೊಬ್ಬರವೂ ಬಂತು. ಕುರಿಯ ಉಣ್ಣೆಗೂ ಬೆಲೆ ಇಲ್ಲ, ಕುರಿಯ ಗೊಬ್ಬರವೂ ಬೇಡ. ಹಿಂಡುಗಳು ಕರಗಿದವು.

ಚಿತ್ರ ಬರೆಯುವವರು, ಕೊರೆಯುವವರು

ಇಲ್ಲಿಗೆ ವಿರಾಮಕ್ಕೆಂದು ಮೊದಲು ಬಂದವರಲ್ಲಿ ಚಿತ್ರಕಾರರು ಮುಖ್ಯರು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಗೆಂಕ್ ಎಂಬ ಹಳ್ಳಿಗೆ ಕಲಾವಿದರು ಬಂದು ಉಳಿಯತೊಡಗಿದರು. ಹೈಡೆ, ಜವುಗು, ಕುರಿ ಹಿಂಡು, ಗುಡಿಸಲು, ಇವನ್ನೇ ಬರೆದರು. ಎಮಿಲ್ ವಾನ್ ಡೋರೆನ್ ಎಂಬ ಚಿತ್ರಕಾರ ಅಲ್ಲೇ ಮನೆ ಮಾಡಿದ. ಆ ಮನೆ ಇಂದು ಸಂಗ್ರಹಾಲಯ. ಪಟ್ಟಣದವರಿಗೆ ಹೈಡೆ ಚೆಂದ ಕಾಣತೊಡಗಿದ್ದು, ಹೈಡೆಯಲ್ಲಿ ಬದುಕಿದವರ ಬದುಕು ಅಲ್ಲಿಂದ ಕಾಲು ಕೀಳತೊಡಗಿದಾಗ.

1901ರ ಆಗಸ್ಟ್‌ನಲ್ಲಿ ಎಲ್ಲ ಬದಲಾಯಿತು. ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂದ್ರೆ ದ್ಯುಮಾಂ ಎಂಬವರು ಗೆಂಕ್ ಪಕ್ಕದ ಆಸ್ ಎಂಬ ಊರಿನಲ್ಲಿ ನೆಲ ಕೊರೆಸುತ್ತಿದ್ದರು. 541 ಮೀಟರ್ ಆಳದಲ್ಲಿ ಕಲ್ಲಿದ್ದಲು ಸಿಕ್ಕಿತು.

ಅಷ್ಟು ಆಳ, ಮೇಲೆ ನೀರು ತುಂಬಿದ ಮರಳಿನ ಪದರ. ಗಣಿ ಇಳಿಸುವುದು ಸುಲಭವಾಗಲಿಲ್ಲ. ವಿಂಟರ್‌ಸ್ಲಾಹ್ ಗಣಿಯಿಂದ ಮೊದಲ ಕಲ್ಲಿದ್ದಲು ಹೊರಬಂದದ್ದು 1917ರಲ್ಲಿ. ಕೊನೆಗೆ ಒಟ್ಟು ಏಳು ಗಣಿಗಳಾದವು. ಬೆರಿಂಗನ್, ಝೋಲ್ಡರ್, ಹೌಥಾಲನ್, ಝ್ವಾರ್ಟ್‌ಬರ್ಗ್, ವಿಂಟರ್‌ಸ್ಲಾಹ್, ವಾಟರ್‌ಸ್ಖೈ, ಐಸ್ಡನ್. ಇವುಗಳಲ್ಲಿ ಮೂರು ಗೆಂಕ್ ಒಂದರಲ್ಲೇ. ಬರೀ ಹಳ್ಳಿಯಾಗಿದ್ದ ಗೆಂಕ್ ಪಟ್ಟಣವಾಯಿತು. ಬಯಲಿನಲ್ಲಿ ರೈಲು ಹಳಿ ಬಂತು, ಕಾರ್ಮಿಕರ ಕಾಲೋನಿಗಳು ಎದ್ದವು, ಗಣಿ ತ್ಯಾಜ್ಯದ ಕರಿ ಗುಡ್ಡಗಳು ಎದ್ದವು. ಸಮತಟ್ಟು ನಾಡಿಗೆ ಗುಡ್ಡ ಬಂದದ್ದು ಹಾಗೆ.

ಬಂದವರು ಯಾರು

ಹೈಡೆಯ ರೈತರು ಗಣಿಗೆ ಇಳಿಯಲು ಮೊದಮೊದಲು ಹಿಂಜರಿದರು. ಪೋಲೆಂಡ್ ಮುಂತಾದ ಕಡೆಗಳಿಂದ ಜನ ಬಂದರು. ಎರಡನೇ ಮಹಾಯುದ್ಧದ ನಂತರ, 1946ರಲ್ಲಿ ಬೆಲ್ಜಿಯಂ ಇಟಲಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಇಟಲಿಯ ಬಡ ಹಳ್ಳಿಗಳ ಹುಡುಗರು ರೈಲು ತುಂಬಿ ಬಂದರು.

1956ರ ಆಗಸ್ಟ್ 8ರಂದು ದೇಶದ ದಕ್ಷಿಣದ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿತ್ತು. 262 ಮಂದಿ ಸತ್ತರು. ಅವರಲ್ಲಿ 136 ಜನ ಇಟಲಿಯವರು. ಇಟಲಿ ತನ್ನ ಜನರನ್ನು ಕಳಿಸುವುದನ್ನು ನಿಲ್ಲಿಸಿತು. ಬೆಲ್ಜಿಯಂ ಸ್ಪೇನ್, ಗ್ರೀಸ್ ಕಡೆ ತಿರುಗಿತು. 1964ರಲ್ಲಿ ಮೊರಾಕೊ, ಟರ್ಕಿ ಜೊತೆ ಒಪ್ಪಂದಗಳಾದವು. ಇವತ್ತು ಲಿಂಬರ್ಗ್‌ನ ಹಳೆಯ ಗಣಿ ಕಾಲೋನಿಗಳಲ್ಲಿ ಸೈಕಲ್ ತುಳಿದರೆ ಚರ್ಚಿನ ಗೋಪುರವೂ ಮಸೀದಿಯ ಮಿನಾರೂ ಕಾಣುವುದು ಇದೇ ಕಾರಣಕ್ಕೆ.

ವಿರಾಮ ಎಂಬುದಕ್ಕೂ ಒಂದು ಇತಿಹಾಸವಿದೆ. ಕಾರ್ಮಿಕನಿಗೆ ಸಂಬಳ ಸಹಿತ ರಜೆ ಯಾರೂ ಪುಕ್ಕಟೆ ಕೊಡಲಿಲ್ಲ. 1936ರ ಜೂನ್‌ನಲ್ಲಿ ಬೆಲ್ಜಿಯಂ ತುಂಬ ದೊಡ್ಡ ಮುಷ್ಕರವಾಯಿತು. ಗಣಿಯವರೂ ಕೆಲಸ ನಿಲ್ಲಿಸಿದರು. ಅದರ ಫಲವಾಗಿ ವರ್ಷಕ್ಕೆ ಆರು ದಿನ ಸಂಬಳ ಸಹಿತ ರಜೆಯ ಕಾನೂನು ಬಂತು. ಆರೇ ದಿನ. ಆದರೆ ಅಲ್ಲಿಯವರೆಗೆ ಪಾಳಿಗೆ ಹೋಗಲು ಮಾತ್ರ ತುಳಿಯುತ್ತಿದ್ದ ಸೈಕಲ್ ಅನ್ನು, ಇನ್ನು ಸುಮ್ಮನೆ ಸುತ್ತಾಡಲೂ ತುಳಿಯಬಹುದಾಯಿತು.

ಬಾಗಿಲು ಮುಚ್ಚಿದ ದಿನಗಳು

ಪೆಟ್ರೋಲಿಯಂ ಬಂದ ಮೇಲೆ, ಹೊರದೇಶದ ಅಗ್ಗದ ಕಲ್ಲಿದ್ದಲು ಬಂದ ಮೇಲೆ, ಇಲ್ಲಿನ ಆಳದ ಗಣಿಗಳಿಗೆ ನಷ್ಟ ಶುರುವಾಯಿತು. ಝ್ವಾರ್ಟ್‌ಬರ್ಗ್ ಗಣಿ ಮುಚ್ಚುತ್ತೇವೆ ಎಂದು 1965ರ ಕೊನೆಯಲ್ಲಿ ಹೇಳಿದರು. ಕಾರ್ಮಿಕರು ಬೀದಿಗೆ ಬಂದರು. 1966ರ ಜನವರಿ 31ರಂದು ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಗಣಿಯಂತೂ ಮುಚ್ಚಿತು.

ಉಳಿದವು ಸರ್ಕಾರದ ಹಣದಿಂದ ಇನ್ನೆರಡು ದಶಕ ನಡೆದವು. 1986ರಲ್ಲಿ ಎಲ್ಲವನ್ನೂ ಹಂತ ಹಂತವಾಗಿ ನಿಲ್ಲಿಸುವ ಯೋಜನೆ ಸಿದ್ಧವಾಯಿತು. 1987ರಿಂದ ಒಂದೊಂದಾಗಿ ಮುಚ್ಚಿದವು. 1992ರ ಸೆಪ್ಟೆಂಬರ್ 30ರಂದು ಝೋಲ್ಡರ್ ಗಣಿಯ ಕೊನೆಯ ಕಲ್ಲಿದ್ದಲು ಮೇಲೆ ಬಂತು. ಅಲ್ಲಿಗೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ಕಥೆ ಮುಗಿಯಿತು.

ಮುಂದೇನು? ಕುರಿ ಹೋಗಿತ್ತು. ಕಲ್ಲಿದ್ದಲು ಹೋಯಿತು. ಉಳಿದದ್ದು ಮರಳು, ಅಲ್ಲಲ್ಲಿ ಹೈಡೆ, ಕಂಬಕ್ಕೆಂದು ನೆಟ್ಟು ಕಡಿಯದೆ ಉಳಿದ ಪೈನ್, ಖಾಲಿ ರೈಲು ಹಳಿ, ಕರಿ ಗುಡ್ಡ.

ಅಂಕಿ ಹಿಡಿದು ಹೋಗುವ ದಾರಿ

ಈ ಹೊತ್ತಿನಲ್ಲೇ ಹ್ಯೂಗೊ ಬೊಲ್ಲನ್ ಎಂಬ ಗಣಿ ಎಂಜಿನಿಯರ್ ಒಂದು ಸರಳ ಉಪಾಯ ಕೊಟ್ಟರು.

ಅದಕ್ಕೂ ಮುಂಚೆ ಸೈಕಲ್ ದಾರಿಗಳು ಇದ್ದವು. ಆದರೆ ಅವು ಗಾಣದೆತ್ತಿನ ಸುತ್ತು. ಒಂದು ಕಡೆ ಹೊರಟರೆ ಫಲಕ ತೋರಿಸಿದ ದಿಕ್ಕಿನಲ್ಲೇ ಪೂರ್ತಿ ಸುತ್ತಿ ಬರಬೇಕು. ಸುಸ್ತಾಯಿತು, ಮಳೆ ಬಂತು, ಮಗು ಅತ್ತಿತು ಎಂದರೆ ನಡುವೆ ಎಲ್ಲಿ ತಿರುಗಬೇಕೆಂದು ಫಲಕ ಹೇಳುತ್ತಿರಲಿಲ್ಲ.

ಬೊಲ್ಲನ್ ಹೇಳಿದ್ದು ಇಷ್ಟೆ. ಸುತ್ತುಗಳನ್ನು ಬಿಡಿ. ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಅಂಕಿ ಕೊಡಿ. ಅಲ್ಲಿಂದ ಮುಂದಿನ ಅಂಕಿಗೆ ಯಾವ ಕಡೆ ಹೋಗಬೇಕೆಂದು ಬಾಣ ಹಾಕಿ. ಎರಡೂ ದಿಕ್ಕಿನಲ್ಲಿ ಹಾಕಿ. ಮಿಕ್ಕಿದ್ದು ಸವಾರನಿಗೆ ಬಿಡಿ.

ಈಗ ಸವಾರ ಮನೆಯಲ್ಲೇ ನಕ್ಷೆ ನೋಡಿ, ಹಾದುಹೋಗುವ ಅಂಕಿಗಳನ್ನು ಸಾಲಾಗಿ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಚೀಟಿಯನ್ನು ಹ್ಯಾಂಡಲ್‌ಗೆ ಅಂಟಿಸುತ್ತಾನೆ. ದಾರಿಯಲ್ಲಿ ನೀಲಿ ಫಲಕದ ಮೇಲಿನ ಬಿಳಿ ಅಂಕಿ ನೋಡುತ್ತಾ ಹೋಗುತ್ತಾನೆ. ಭಾಷೆ ಬರಬೇಕಿಲ್ಲ. ಊರಿನ ಹೆಸರು ಗೊತ್ತಿರಬೇಕಿಲ್ಲ. ಫೋನ್ ಚಾರ್ಜ್ ಮುಗಿದರೂ ನಡೆಯುತ್ತದೆ. ನಡುವೆ ಮನಸ್ಸು ಬದಲಾದರೆ ಮುಂದಿನ ಕೂಡುದಾರಿಯಲ್ಲಿ ಬೇರೆ ಅಂಕಿಯ ಕಡೆ ತಿರುಗಿದರಾಯಿತು.

ಲಿಂಬರ್ಗ್‌ನಲ್ಲಿ ಇಂಥ ಮೊದಲ ಜಾಲ 1995ರಲ್ಲಿ ತೆರೆಯಿತು. ಕೊನೆಯ ಗಣಿ ಮುಚ್ಚಿ ಮೂರೇ ವರ್ಷವಾಗಿತ್ತು. ನೆಲದಡಿಯ ದಾರಿಗಳ ಕೆಲಸ ಬಲ್ಲ ಒಬ್ಬ ಮನುಷ್ಯ ನೆಲದ ಮೇಲಿನ ದಾರಿಗಳಿಗೆ ಲೆಕ್ಕ ಹಾಕಿದ್ದು ನಮಗೆ ಆಕಸ್ಮಿಕ ಅನಿಸುವುದಿಲ್ಲ. ಕತ್ತಲೆಯಲ್ಲಿ ದಾರಿ ತಪ್ಪಬಾರದೆಂಬ ಯೋಚನೆ ಗಣಿಯಲ್ಲಿ ದುಡಿದವರಿಗೆ ಯಾರೂ ಕಲಿಸಬೇಕಿಲ್ಲ.

ಇನ್ನೊಂದು ಮಾತು. ಇದಕ್ಕಾಗಿ ಹೊಸ ರಸ್ತೆ ಮಾಡಿದ್ದು ಕಡಿಮೆ. ಹೊಲದ ನಡುವಿನ ಬಂಡಿ ಜಾಡು, ಕಾಡಿನ ಕಾಲುದಾರಿ, ಕಾಲುವೆಯ ಏರಿ, ರೈಲು ಹೋಗಿ ಖಾಲಿ ಬಿದ್ದ ಹಾದಿ, ಇದ್ದದ್ದನ್ನೇ ಜೋಡಿಸಿದರು. ಹೆಚ್ಚಿನ ಖರ್ಚು ಕಂಬಕ್ಕೆ, ಫಲಕಕ್ಕೆ, ಆಮೇಲೆ ವರ್ಷ ವರ್ಷ ಅವನ್ನು ನೋಡಿಕೊಳ್ಳುವುದಕ್ಕೆ. ಇದೇ ಕ್ರಮ ಬೆಲ್ಜಿಯಂನ ಬೇರೆ ಭಾಗಗಳಿಗೆ, ನೆದರ್ಲೆಂಡ್ಸ್‌ಗೆ, ಜರ್ಮನಿಯ ಕೆಲವು ಕಡೆಗೆ ಹಬ್ಬಿತು.

ನೀರು, ಮರ, ಹೈಡೆ

2006ರಲ್ಲಿ ಗಣಿ ಊರುಗಳ ನಡುವಿನ ಕಾಡು ಮತ್ತು ಹೈಡೆಯನ್ನು ಸೇರಿಸಿ 'ಹೋಹೆ ಕೆಂಪನ್' ರಾಷ್ಟ್ರೀಯ ಉದ್ಯಾನ ಮಾಡಿದರು. 5,000 ಹೆಕ್ಟೇರ್‌ಗೂ ಮಿಗಿಲು. ಬೆಲ್ಜಿಯಂನ ಮೊದಲ ರಾಷ್ಟ್ರೀಯ ಉದ್ಯಾನ ಅದು. ಐಸ್ಡನ್ ಗಣಿಯ ಅಂಗಳವೇ ಅದರ ಹೆಬ್ಬಾಗಿಲುಗಳಲ್ಲಿ ಒಂದು.

ಆಮೇಲೆ ಸೈಕಲ್ ಜಾಲದ ನಡುವೆ ಮೂರು ವಿಶೇಷ ದಾರಿಗಳು ಬಂದವು. ಫೋನಿನಲ್ಲಿ ಓಡಾಡುವ ವಿಡಿಯೊ ಇವುಗಳದ್ದೇ.

ಮೊದಲನೆಯದು ಗೆಂಕ್ ಪಕ್ಕದ ಬೊಕ್ರೈಕ್‌ನಲ್ಲಿ, 2016ರಲ್ಲಿ. ಕೆರೆಯ ನಡುವೆ 212 ಮೀಟರ್ ದಾರಿ. ಆ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹಿಂದಿನವರು ಮೀನು ಸಾಕಲು ಮಾಡಿಕೊಂಡ ಕೆರೆಗಳೇ ಬಹಳ.

ಎರಡನೆಯದು ಹೆಕ್ಟೆಲ್-ಎಕ್ಸೆಲ್ ಬಳಿಯ ಬೊಸ್ಲಾಂಡ್ ಕಾಡಿನಲ್ಲಿ, 2019ರಲ್ಲಿ. 700 ಮೀಟರ್ ಉದ್ದದ ಈ ದಾರಿ ವೃತ್ತಾಕಾರವಾಗಿ ಮೆಲ್ಲಗೆ ಏರುತ್ತಾ ಹತ್ತು ಮೀಟರ್ ಎತ್ತರಕ್ಕೆ ಹೋಗುತ್ತದೆ. ಪೈನ್ ಮರಗಳ ತಲೆಯ ಸಮೀಪ ಸೈಕಲ್ ಹೋಗುತ್ತದೆ. ಈ ಕಾಡೂ ಗಣಿಯ ಕಂಬಕ್ಕಾಗಿ ಬೆಳೆಸಿದ ಪೈನ್ ಕಾಡುಗಳ ಸಾಲಿನದ್ದೇ. ನೆಲದಡಿ ಹೋಗಬೇಕಿದ್ದ ಮರಗಳ ನಡುವೆ ಇಂದು ಮಕ್ಕಳು ಸೈಕಲ್ ಗಂಟೆ ಬಾರಿಸುತ್ತಾರೆ.

ಮೂರನೆಯದು ಮಾಸ್‌ಮೆಖೆಲನ್ ಬಳಿ, 2021ರಲ್ಲಿ, ಹೈಡೆಯ ನಡುವೆ. ಉದ್ಯಾನವನ್ನು ಸೀಳಿ ಹೋಗುತ್ತಿದ್ದ ಒಂದು ರಸ್ತೆಯಲ್ಲಿ ಕಾರುಗಳನ್ನು ನಿಲ್ಲಿಸಿದರು. ಅಲ್ಲಿ ಸೈಕಲ್‌ಗಾಗಿ ಸುಮಾರು 300 ಮೀಟರ್ ಉದ್ದದ ಮರದ ಸೇತುವೆ ಮಾಡಿದರು. ರಸ್ತೆ ದಾಟಲು ಹೆದರುತ್ತಿದ್ದ ಕಾಡುಪ್ರಾಣಿಗಳಿಗೂ ದಾರಿ ಸಿಕ್ಕಿತು.

ಲೆಕ್ಕ ಸರಿಹೋಯಿತೆ?

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಕಥೆ. ಆದರೆ ಸೈಕಲ್ ದಾರಿ ಗಣಿಯಷ್ಟು ಕೆಲಸ ಕೊಡಲಿಲ್ಲ. ಕೊಡುವುದೂ ಸಾಧ್ಯವಿರಲಿಲ್ಲ. ದಾರಿ ಬದಿಯ ಹೋಟೆಲು, ಸೈಕಲ್ ಬಾಡಿಗೆ ಅಂಗಡಿ, ಉಳಿದುಕೊಳ್ಳುವ ಮನೆ, ಇವುಗಳಿಗೆ ವ್ಯಾಪಾರ ಬಂತು ನಿಜ. ಗಣಿ ಕಾಲೋನಿಯ ದೊಡ್ಡ ಸಂಖ್ಯೆಯ ಜನರಿಗೆ ಆಸರೆಯಾಗಿದ್ದದ್ದು 1960ರ ದಶಕದಲ್ಲಿ ಗೆಂಕ್‌ನಲ್ಲಿ ಶುರುವಾದ ಫೋರ್ಡ್ ಕಾರು ಕಾರ್ಖಾನೆ. ಅದೂ 2014ರ ಡಿಸೆಂಬರ್‌ನಲ್ಲಿ ಮುಚ್ಚಿತು. ಒಂದೇ ಊರು ಎರಡು ಸಲ ಬಾಗಿಲು ಹಾಕುವುದನ್ನು ನೋಡಿತು.

ಹಾಗಾದರೆ ದಾರಿ ಕೊಟ್ಟದ್ದೇನು? ಕೂಲಿಯ ಬದಲಿಗೆ ಕೂಲಿಯನ್ನಲ್ಲ. ಗಣಿ ಕಂಪನಿಯ ಬೇಲಿಯೊಳಗಿದ್ದ ಜಾಗಕ್ಕೆ ಮತ್ತೆ ಎಲ್ಲರೂ ಕಾಲಿಡುವಂತಾಯಿತು. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಆ ಅಂಕಿಗಳನ್ನು ಹಿಡಿದು ಹೋಗಬಹುದು. 1847ರ ಕಾನೂನಿನಿಂದ ಊರಿನವರ ಕೈತಪ್ಪಿದ ಬಯಲು ಮೇವಿಗಾಗಿ ಮರಳಿ ಬರಲಿಲ್ಲ. ಓಡಾಡುವುದಕ್ಕಾದರೂ ಬಂತು. ಇದು ದೊಡ್ಡದೋ ಸಣ್ಣದೋ ಎಂಬುದನ್ನು ಗಣಿಯಲ್ಲಿ ದುಡಿದು ಮುದುಕನಾದವನು ಒಂದು ಥರ ಹೇಳುತ್ತಾನೆ, ಅವನ ಮೊಮ್ಮಗಳು ಇನ್ನೊಂದು ಥರ ಹೇಳುತ್ತಾಳೆ.

ಹೈಡೆಯ ಕಥೆಯಲ್ಲಿ ಕೊನೆಯ ಒಂದು ತಿರುವಿದೆ. ಹಾಗೇ ಬಿಟ್ಟರೆ ಹೈಡೆ ಉಳಿಯುವುದಿಲ್ಲ. ಗಾಳಿಗೆ ಪೈನ್ ಬೀಜ ಹಾರಿ ಬಂದು ಮೊಳೆಯುತ್ತದೆ, ಕೆಲವು ವರ್ಷಗಳಲ್ಲಿ ಬಯಲು ಮುಚ್ಚಿಹೋಗುತ್ತದೆ. ನೆಲದ ಮೇಲೇ ಮೊಟ್ಟೆಯಿಡುವ ನತ್ತಿಂಗ ಹಕ್ಕಿಯಂಥವುಗಳಿಗೆ ಜಾಗ ಹೋಗುತ್ತದೆ. ಅದಕ್ಕೇ ಇವತ್ತು ಅಲ್ಲಿ ಮತ್ತೆ ಕುರಿ ಮೇಯಿಸುತ್ತಾರೆ. ಕೆಲವು ಕಡೆ ಹಳೆಯ ರೈತರ ಹಾಗೆಯೇ ಮೇಲ್ಪದರ ಕೆತ್ತಿ ತೆಗೆಯುತ್ತಾರೆ, ಈಗ ಯಂತ್ರದಿಂದ. ಉಣ್ಣೆಗಲ್ಲ, ಗೊಬ್ಬರಕ್ಕಲ್ಲ. ಬಯಲು ಬಯಲಾಗಿಯೇ ಉಳಿಯಲಿ ಎಂದು.

ಸರ್ಕಾರ ಒಮ್ಮೆ ಪಾಳು ಎಂದು ಬರೆದ ನೆಲ. ಕುರಿಗಾಹಿಯ ಕಸುಬು ಹಿಂದುಳಿದದ್ದು ಎಂದು ತಳ್ಳಿದ ನೆಲ. ಅದನ್ನು ಉಳಿಸಲು ಈಗ ಕುರಿ ಕಾಯುವುದಕ್ಕೆ ಸಾರ್ವಜನಿಕ ಹಣ ಖರ್ಚಾಗುತ್ತಿದೆ.

ಆ ನೀರಿನ ನಡುವಿನ ದಾರಿಯ ವಿಡಿಯೊ ಇನ್ನೊಮ್ಮೆ ನಿಮ್ಮ ಫೋನಿಗೆ ಬರುತ್ತದೆ, ಬಂದೇ ಬರುತ್ತದೆ. ಆಗ ಕೆರೆಯನ್ನೂ ಬಾತುಕೋಳಿಯನ್ನೂ ನೋಡಿ. ದಾರಿ ಮುಗಿಯುವಲ್ಲಿ ನೀಲಿ ಫಲಕವೇನಾದರೂ ಕಂಡರೆ ಅದನ್ನೂ ನೋಡಿ. ಆ ಅಂಕಿಯ ಕೆಳಗೆ ಅರ್ಧ ಕಿಲೋಮೀಟರ್ ಆಳದಲ್ಲಿ, ಇಟಲಿಯಿಂದ ಟರ್ಕಿಯವರೆಗಿನ ಹಳ್ಳಿಗಳಿಂದ ಬಂದವರು ಮೊಣಕಾಲೂರಿ ಕಲ್ಲಿದ್ದಲು ತೆಗೆದ ಸೀಮೆ ಅದು.